ಹೊಸ ಕಾರಿಗೆ ಸಾವಿರ ಕಿಲೋಮೀಟರ್‌ಗೇ ಆಯಿಲ್ ಬದಲಿಸಿ ಅಂದರೆ ತಕ್ಷಣ ಹೂಂ ಅನ್ನಬೇಡಿ

ಹೊಸ ಕಾರು ತಗೊಂಡವರು, ಮೊದಲ ಸಲ ಸರ್ವೀಸ್‌ಗೆ ಬಿಡುವ ಮುಂಚೆ ಇದನ್ನು ಓದಿ. ನಮ್ಮ ಅಕ್ಕನ ಕಾರಿಗೆ ಆದದ್ದು ಇನ್ನೊಬ್ಬರಿಗೆ ಆಗಬಾರದು ಅಂತ ಬರೆಯುತ್ತಿದ್ದೇನೆ.

ಪೆಟ್ರೋಲ್ ಕಾರು, ಹೊಚ್ಚ ಹೊಸದು. 1,000 ಕಿಲೋಮೀಟರ್ ಆದಮೇಲೆ ಮೊದಲ ತಪಾಸಣೆಗೆ ಬಿಟ್ಟಳು. ಆ ತಪಾಸಣೆಯಲ್ಲಿ ಆಯಿಲ್ ಬದಲಿಸುವ ಕೆಲಸವೇ ಇಲ್ಲ. ಬ್ರೇಕು, ಟೈರ್ ಗಾಳಿ, ನಟ್ಟು ಬೋಲ್ಟು, ಎಲ್ಲಾದರೂ ಸೋರುತ್ತಿದೆಯಾ ಅಂತ ನೋಡಿ ಕಳಿಸಬೇಕು ಅಷ್ಟೆ. ಆ ಕಾರಿನ ಮ್ಯಾನ್ಯುಯಲ್‌ನಲ್ಲಿ ಮೊದಲ ಆಯಿಲ್ ಬದಲಾವಣೆ ಇರುವುದು 10,000 ಕಿಲೋಮೀಟರ್ ಅಥವಾ ಒಂದು ವರ್ಷ, ಯಾವುದು ಮೊದಲು ಬರುತ್ತದೋ ಅದಕ್ಕೆ. ಆದರೆ ಸರ್ವೀಸ್ ಅಡ್ವೈಸರ್ ಹೇಳಿದ್ದೇ ಬೇರೆ. "ಹೊಸ ಇಂಜಿನ್ ಮೇಡಂ, ಒಳಗೆ ಕಬ್ಬಿಣದ ಪುಡಿ ಇರುತ್ತೆ, ಈಗಲೇ ಆಯಿಲ್ ತೆಗೆಸದಿದ್ರೆ ಇಂಜಿನ್ ಬಾಳಿಕೆ ಬರಲ್ಲ." ಜೊತೆಗೆ ಇಂಜಿನ್ ಒಳಗೆ ತೊಳೆಯಲು ಇಂಜಿನ್ ಫ್ಲಶ್ ಅಂತ ಇನ್ನೊಂದು ಡಬ್ಬಿ. ದಿನಾ ಅದೇ ಕೆಲಸ ಮಾಡುವವರು ಹೀಗೆ ಹೆದರಿಸಿದರೆ ಯಾರು ತಾನೇ ಬೇಡ ಅಂತಾರೆ? ಆಯ್ತು ಮಾಡಿ ಅಂದಳು. ಸಂಜೆ ಕಾರು ಕೈಗೆ ಬಂತು, ಓಡಿಸಲು ಏನೂ ವ್ಯತ್ಯಾಸ ಇರಲಿಲ್ಲ.

ಕೆಲವು ವಾರ ಕಳೆದು ಹೈವೇಯಲ್ಲಿ ಹೋಗುವಾಗ ಡ್ಯಾಶ್‌ಬೋರ್ಡಿನಲ್ಲಿ ಎಣ್ಣೆ ಡಬ್ಬಿ ಚಿತ್ರದ ಕೆಂಪು ಲೈಟ್ ಹತ್ತಿಕೊಂಡಿತು. ಅಕ್ಕ ಮಾಡಿದ ಕೆಲಸ ಮೆಚ್ಚಬೇಕು: ಮುಂದೆ ಪೆಟ್ರೋಲ್ ಬಂಕ್ ಸಿಗುತ್ತೇನೋ, ಅಲ್ಲೀತನಕ ಹೋಗೋಣ ಅಂತ ಯೋಚಿಸಲೇ ಇಲ್ಲ, ಪಕ್ಕಕ್ಕೆ ತಂದು ಇಂಜಿನ್ ಆಫ್ ಮಾಡಿಬಿಟ್ಟಳು. ಆ ಲೈಟ್ ಆಯಿಲ್ ಕಮ್ಮಿಯಾಗಿದೆ ಅಂತ ಮುಂಚಿತವಾಗಿ ಹೇಳುವ ಲೈಟ್ ಅಲ್ಲ. ಆಯಿಲ್ ಪ್ರೆಶರ್ ಬಿದ್ದುಹೋಗಿದೆ ಅಂತ ಅದರ ಅರ್ಥ. ಬೇರಿಂಗ್‌ಗಳ ನಡುವೆ ಆಯಿಲ್ ಇಲ್ಲದೆ ಲೋಹ ಲೋಹಕ್ಕೆ ತಿಕ್ಕಲು ಶುರುವಾದರೆ ಇಂಜಿನ್ ಹೋಗಲು ಜಾಸ್ತಿ ಹೊತ್ತು ಬೇಕಿಲ್ಲ. ಬಗ್ಗಿ ನೋಡಿದರೆ ಕಾರಿನ ಹೊಟ್ಟೆಯೆಲ್ಲ ಆಯಿಲ್, ಬಂದ ದಾರಿಯುದ್ದಕ್ಕೂ ಕಪ್ಪು ಗೆರೆ.

ಟೋ ಮಾಡಿಸಿ ಬೇರೆ ವರ್ಕ್‌ಶಾಪಿಗೆ ತಗೊಂಡು ಹೋದೆವು, ನಾನೂ ಜೊತೆಗಿದ್ದೆ. ಮೆಕ್ಯಾನಿಕ್ ಆಯಿಲ್ ಫಿಲ್ಟರ್ ಬಿಚ್ಚಿ ಕೈಯಲ್ಲಿ ಹಿಡಿದು ತೋರಿಸಿದರು. ಹೊಸ ಫಿಲ್ಟರಿನ ಬಾಯಿಗೆ ಒಂದು ರಬ್ಬರ್ ರಿಂಗ್ ಇತ್ತು. ಅದು ಇರಬೇಕಾದದ್ದೇ. ಆಮೇಲೆ ಟಾರ್ಚ್ ಬಿಟ್ಟು ಇಂಜಿನ್ ಕಡೆ ತೋರಿಸಿದರು, ಅಲ್ಲಿ ಫಿಲ್ಟರ್ ಕೂರುವ ಜಾಗದಲ್ಲಿ ಇನ್ನೊಂದು ರಿಂಗ್ ಚಪ್ಪಟೆಯಾಗಿ ಅಂಟಿಕೊಂಡಿತ್ತು, ಒಂದು ಬದಿ ಕಿತ್ತು ಹೊರಗೆ ತಳ್ಳಿಕೊಂಡಿತ್ತು. ಫ್ಯಾಕ್ಟರಿಯಿಂದ ಬಂದ ಹಳೇ ಫಿಲ್ಟರಿನ ರಿಂಗ್ ಅದು. ಬಿಸಿಗೆ ಅಂಟಿಕೊಂಡು ಅಲ್ಲೇ ಉಳಿದಿದೆ, ಒರೆಸಿ ನೋಡದೆ ಅದರ ಮೇಲೇ ಹೊಸದನ್ನು ತಿರುಗಿಸಿ ಬಿಟ್ಟಿದ್ದಾರೆ. ಎರಡು ರಿಂಗ್ ಒಂದರ ಮೇಲೊಂದು ಕೂತರೆ ಸ್ವಲ್ಪ ದಿನ ತಡೆದುಕೊಳ್ಳುತ್ತವೆ, ಒಂದು ದಿನ ಪ್ರೆಶರ್‌ಗೆ ಜಾರಿ ಆಯಿಲ್ ಪೂರ್ತಿ ಹೊರಗೆ ಹೋಗುತ್ತದೆ. ಮೆಕ್ಯಾನಿಕ್‌ಗಳಿಗೆ ಇದು ಹೊಸ ವಿಷಯವೇನಲ್ಲ, ಅವಸರದಲ್ಲಿ ಆಗುವ ತಪ್ಪುಗಳಲ್ಲಿ ಎಲ್ಲರಿಗೂ ಗೊತ್ತಿರುವ ತಪ್ಪು.

ಅಷ್ಟಕ್ಕೇ ಮುಗಿಯಲಿಲ್ಲ. ಹಳೇ ಬಿಲ್ ತೆಗೆದು ನೋಡಿದರೆ ಹಾಕಿದ ಆಯಿಲ್ 15ಡಬ್ಲ್ಯು-40 (ಇದೇ ಗ್ರೇಡ್: ಮೊದಲ ನಂಬರ್ ಚಳಿಯಲ್ಲಿ, ಎರಡನೇದು ಬಿಸಿಯಲ್ಲಿ ಆಯಿಲ್ ಎಷ್ಟು ದಪ್ಪ ಅಂತ ಹೇಳುತ್ತದೆ). ಆ ಇಂಜಿನ್‌ಗೆ ಮ್ಯಾನ್ಯುಯಲ್‌ನಲ್ಲಿ ಬರೆದಿರುವುದು 0ಡಬ್ಲ್ಯು-20. ಇದು ಸಣ್ಣ ವ್ಯತ್ಯಾಸ ಅಲ್ಲ. 100 ಡಿಗ್ರಿ ಬಿಸಿಯಲ್ಲಿ 20 ಗ್ರೇಡಿನ ಆಯಿಲ್‌ನ ದಪ್ಪ 6.9ರಿಂದ 9.3 ಸೆಂಟಿಸ್ಟೋಕ್‌ ಒಳಗೆ ಇರಬೇಕು, 40 ಗ್ರೇಡಿನದು 12.5ರಿಂದ 16.3ರ ಒಳಗೆ. ಅಂದರೆ ಬಿಸಿಯಾದ ಮೇಲೂ ಅಷ್ಟು ದಪ್ಪ. ಈಗಿನ ಇಂಜಿನ್‌ಗಳ ಆಯಿಲ್ ಪಂಪು, ವಾಲ್ವ್ ಟೈಮಿಂಗ್ ಬದಲಿಸುವ ಭಾಗಗಳು, ಎಲ್ಲವನ್ನೂ ತೆಳು ಆಯಿಲ್‌ಗೆ ಲೆಕ್ಕ ಹಾಕಿಯೇ ಮಾಡಿರುತ್ತಾರೆ. ದಪ್ಪ ಆಯಿಲ್ ಹಾಕಿದರೆ ಚಳಿಯಲ್ಲಿ ಸ್ಟಾರ್ಟ್ ಮಾಡಿದಾಗ ಮೇಲಿನ ಭಾಗಗಳಿಗೆ ತಲುಪಲು ತಡ, ಮೈಲೇಜ್ ಕಮ್ಮಿ. ಮುಂದೆ ಇಂಜಿನ್ ಕೆಟ್ಟರೆ ವಾರಂಟಿ ಕೇಳುವಾಗ ಆ ಬಿಲ್ಲೇ ನಮಗೆ ತಿರುಗುಬಾಣ ಆಗಬಹುದು.

ಸಂಪ್ (ಇಂಜಿನ್ ಕೆಳಗಿನ ಆಯಿಲ್ ತೊಟ್ಟಿ) ಬಿಚ್ಚಿ ಬೇರಿಂಗ್ ನೋಡಿದರು. ಅಕ್ಕ ತಕ್ಷಣ ಆಫ್ ಮಾಡಿದ್ದಕ್ಕೆ ಉಳಿದಿದ್ದವು. ಆದರೆ ಖರ್ಚು ಯಾರದ್ದು ಅನ್ನುವ ಜಗಳದಲ್ಲಿ ಕಾರು ವಾರಗಟ್ಟಲೆ ನಿಂತಿತು. ಮೊದಲ ಸರ್ವೀಸ್ ಸೆಂಟರಿನವರು ಕೆಳಗಿಂದ ಕಲ್ಲು ಹೊಡೆದಿರಬೇಕು ಅಂತಲೇ ಹೇಳುತ್ತಿದ್ದರು. ಆ ಎರಡು ರಿಂಗಿನ ಫೋಟೋ ಮುಂದಿಟ್ಟ ಮೇಲೆ ಮಾತು ನಿಂತಿತು. ಹಾಗಾಗಿ ಇಂಥದ್ದೇನಾದರೂ ಆದರೆ ಬಿಚ್ಚುವಾಗಲೇ ಪಕ್ಕದಲ್ಲಿ ನಿಂತು ಫೋಟೋ ತೆಗೆಯಿರಿ, ಬಿಚ್ಚಿದ ಸಾಮಾನನ್ನು ಕೇಳಿ ಇಸ್ಕೊಳ್ಳಿ.

ಈಗ ಆ ಕಬ್ಬಿಣದ ಪುಡಿ ವಿಷಯ. ಅದು ಪೂರ್ತಿ ಸುಳ್ಳು ಅಂತ ನಾನು ಹೇಳುವುದಿಲ್ಲ. ಹೊಸ ಇಂಜಿನ್‌ನಲ್ಲಿ ಪಿಸ್ಟನ್ ರಿಂಗ್‌ಗಳು ಸಿಲಿಂಡರ್ ಗೋಡೆಗೆ ಹೊಂದಿಕೊಳ್ಳುವಾಗ ಸ್ವಲ್ಪ ಲೋಹ ಸವೆದು ಆಯಿಲ್‌ಗೆ ಸೇರುತ್ತದೆ. ಹಿಂದೆ ಇದು ಜಾಸ್ತಿ ಇತ್ತು, ಆಯಿಲ್ ಕೂಡ ಈಗಿನಷ್ಟು ಚೆನ್ನಾಗಿರಲಿಲ್ಲ, ಅದಕ್ಕೇ 500, 1,000 ಕಿಲೋಮೀಟರ್‌ಗೆ ಬದಲಿಸುವುದು ರೂಢಿಯಾಗಿತ್ತು. ನಮ್ಮ ದೊಡ್ಡವರು ಈಗಲೂ ಅದನ್ನೇ ಹೇಳುತ್ತಾರೆ, ಅವರ ಕಾಲಕ್ಕೆ ಅದು ಸರಿಯೇ. ಈಗ ಸಿಲಿಂಡರ್ ನಯ ಮಾಡುವ ಕೆಲಸ ತುಂಬಾ ಸುಧಾರಿಸಿದೆ, ಜೋಡಿಸುವ ಮುಂಚೆ ಭಾಗಗಳನ್ನು ತೊಳೆಯುವುದೂ ಚೊಕ್ಕ, ಉಳಿದ ಸಣ್ಣಪುಟ್ಟ ಪುಡಿಗೆ ಫಿಲ್ಟರ್ ಇದೆ. ಕೆಲವು ಕಂಪನಿಗಳಂತೂ ಬೇಗ ಬದಲಿಸಲೇಬೇಡಿ ಅನ್ನುತ್ತವೆ. ಹೋಂಡಾದ ಹಲವು ಓನರ್ಸ್ ಮ್ಯಾನ್ಯುಯಲ್‌ಗಳಲ್ಲಿ ನಿಗದಿತ ಸಮಯದ ಮುಂಚೆ ಮೊದಲ ಆಯಿಲ್ ಬದಲಿಸಬೇಡಿ ಅಂತ ಬರೆದೇ ಇದೆ. ಇದಕ್ಕೆ ಉಲ್ಟಾನೂ ಇದೆ: ಬಿಎಂಡಬ್ಲ್ಯುನ ಎಂ ಕಾರುಗಳಿಗೆ ಸುಮಾರು 2,000 ಕಿಲೋಮೀಟರ್‌ಗೆ ಆಯಿಲ್ ಬದಲಿಸುವ ರನ್ನಿಂಗ್-ಇನ್ ಸರ್ವೀಸ್ ಕಡ್ಡಾಯ. ಅದಕ್ಕೇ ಪಕ್ಕದ ಮನೆಯವರ ಕಾರಿನ ಲೆಕ್ಕ ನಿಮ್ಮ ಕಾರಿಗೆ ಬರಲ್ಲ. ನಿಮ್ಮ ಮ್ಯಾನ್ಯುಯಲ್‌ನ ಮೇಂಟೆನೆನ್ಸ್ ಪುಟ ತೆಗೆದು ನೋಡಿ, ಐದು ನಿಮಿಷದ ಕೆಲಸ.

ಬೇಗ ಬದಲಿಸಿದರೆ ದುಡ್ಡು ಹೋಗುತ್ತೆ ಅಷ್ಟೆ, ಇಂಜಿನ್‌ಗೆ ಒಳ್ಳೆಯದೇ ಅಲ್ವಾ ಅಂತ ಸುಮಾರು ಜನ ಕೇಳುತ್ತಾರೆ. ನಾನು ಒಪ್ಪುವುದಿಲ್ಲ. ಸರಿಯಾದ ಆಯಿಲ್ ತಂದು, ಗೊತ್ತಿರುವ ಕೈಯಲ್ಲಿ, ತಮ್ಮ ಇಷ್ಟದಿಂದ ಬದಲಿಸಿಕೊಳ್ಳುವವರ ಮಾತು ಬೇರೆ. ಡ್ರೈನ್ ಬೋಲ್ಟ್ ಮತ್ತು ಫಿಲ್ಟರ್ ಬಿಚ್ಚಿದ ಪ್ರತಿ ಸಲವೂ ಒಂದು ತಪ್ಪಿಗೆ ಬಾಗಿಲು ತೆಗೆದ ಹಾಗೆ. ಬೋಲ್ಟಿನ ವಾಷರ್ ಹಳೇದೇ ಹಾಕಬಹುದು, ಅಲ್ಯೂಮಿನಿಯಂ ಸಂಪಿಗೆ ಜೋರಾಗಿ ಬಿಗಿದು ಥ್ರೆಡ್ ಕೀಳಬಹುದು, ಆಯಿಲ್ ಜಾಸ್ತಿ ಸುರಿಯಬಹುದು. ಜಾಸ್ತಿಯಾದರೆ ಕ್ರ್ಯಾಂಕ್‌ಶಾಫ್ಟ್ ಅದನ್ನು ಕಡೆದು ನೊರೆ ಎಬ್ಬಿಸುತ್ತದೆ, ನೊರೆ ತುಂಬಿದ ಆಯಿಲ್‌ನಲ್ಲಿ ಪ್ರೆಶರ್ ನಿಲ್ಲುವುದಿಲ್ಲ. ಬೇಕಾದಾಗ ಮಾಡಿಸಲೇಬೇಕು, ಬೇಡದಾಗ ಯಾಕೆ ಬಿಚ್ಚಿಸಬೇಕು? ಹೊಸ ಇಂಜಿನ್‌ಗೆ ಫ್ಲಶ್ ಅಂತೂ ಬೇಕೇ ಇಲ್ಲ, ತೊಳೆಯಲು ಒಳಗೆ ಕೊಳೆಯೇ ಕೂತಿರುವುದಿಲ್ಲ.

ಹಾಗಂತ ತಡ ಮಾಡುವುದೂ ಬೇಡ. ಕಿಲೋಮೀಟರ್ ಆಗಿಲ್ಲ, ಇನ್ನೊಂದು ವರ್ಷ ಓಡಲಿ ಅನ್ನುವವರು ತಿಂಗಳ ಲೆಕ್ಕ ಮರೆಯುತ್ತಾರೆ. ಸಣ್ಣ ಸಣ್ಣ ದೂರಕ್ಕೇ ಓಡುವ ಕಾರಿನಲ್ಲಿ ಇಂಜಿನ್ ಸರಿಯಾಗಿ ಬಿಸಿಯಾಗದೆ ಆಯಿಲ್‌ಗೆ ನೀರಿನ ಪಸೆ, ಸುಡದ ಪೆಟ್ರೋಲ್ ಸೇರುತ್ತದೆ. ಟ್ರಾಫಿಕ್‌ನಲ್ಲೇ ನಿಲ್ಲುವ, ಧೂಳು ರಸ್ತೆಯಲ್ಲಿ ಓಡುವ, ಭಾರ ಎಳೆಯುವ ಗಾಡಿಗಳಿಗೆ ಮ್ಯಾನ್ಯುಯಲ್‌ನಲ್ಲೇ ಬೇರೆ ಕೋಷ್ಟಕ ಇರುತ್ತದೆ, ಹಲವು ಕಾರುಗಳಲ್ಲಿ ಅವಧಿ ಅರ್ಧಕ್ಕೆ ಇಳಿಯುತ್ತದೆ. ಡಿಪಿಎಫ್ (ಹೊಗೆಯ ಮಸಿ ಹಿಡಿಯುವ ಫಿಲ್ಟರ್) ಇರುವ ಡೀಸೆಲ್ ಕಾರಾದರೆ ಗ್ರೇಡ್ ನಂಬರ್ ಸರಿ ಇದ್ದರೆ ಸಾಲದು, ಸುಟ್ಟಾಗ ಕಮ್ಮಿ ಬೂದಿ ಬಿಡುವ ಆಯಿಲ್ಲೇ ಆಗಬೇಕು, ಇಲ್ಲದಿದ್ದರೆ ಆ ಫಿಲ್ಟರ್ ಕಟ್ಟಿಕೊಳ್ಳುತ್ತದೆ.

ಕಾರು ಬಿಡುವಾಗ ಜಾಬ್ ಕಾರ್ಡ್ ಓದಿ ಸಹಿ ಹಾಕಿ. "ಕೇಳದೆ ಆಯಿಲ್ ಬದಲಿಸಬೇಡಿ" ಅಂತ ಅದರಲ್ಲೇ ಬರೆಸಿ. ಬದಲಿಸಿದ್ದಾರೆ ಅಂದರೆ ಗೇಟ್ ದಾಟುವ ಮುಂಚೆ ಬಿಲ್‌ನಲ್ಲಿ ಗ್ರೇಡ್ ನೋಡಿ, ಸಮತಟ್ಟು ಜಾಗದಲ್ಲಿ ನಿಲ್ಲಿಸಿ, ಇಂಜಿನ್ ಆಫ್ ಮಾಡಿ ಸ್ವಲ್ಪ ಹೊತ್ತು ಬಿಟ್ಟು ಡಿಪ್‌ಸ್ಟಿಕ್ (ಆಯಿಲ್ ಮಟ್ಟ ನೋಡುವ ಕಡ್ಡಿ) ಎಳೆಯಿರಿ, ಒರೆಸಿ ಮತ್ತೆ ಹಾಕಿ ಎಳೆಯಿರಿ. ಎರಡು ಗುರುತಿನ ನಡುವೆ ಇರಬೇಕು. ಮಾರನೇ ದಿನ ಬೆಳಿಗ್ಗೆ ಕಾರಿನ ಕೆಳಗೆ ನೆಲ ನೋಡಿ, ಒಂದು ಹನಿ ಕಂಡರೂ ಓಡಿಸದೆ ಫೋನ್ ಮಾಡಿ.

ಈಗಾಗಲೇ 1,000ಕ್ಕೇ ಬದಲಿಸಿಬಿಟ್ಟಿದ್ದಾರಾ? ಗ್ರೇಡ್ ಸರಿ ಇದ್ದರೆ, ಸೋರಿಕೆ ಇಲ್ಲದಿದ್ದರೆ ಗಾಬರಿ ಬೇಡ. ಗ್ರೇಡ್ ತಪ್ಪಿದ್ದರೆ ಬಿಲ್ ತೋರಿಸಿ ಅವರ ಖರ್ಚಿನಲ್ಲೇ ಸರಿಯಾದದ್ದು ಹಾಕಿಸಿಕೊಳ್ಳಿ, ಹೊಸ ಬಿಲ್‌ನಲ್ಲಿ ಕಿಲೋಮೀಟರ್ ಮತ್ತು ಗ್ರೇಡ್ ಎರಡೂ ಬರೆಸಿ. ಆದರೂ ಕಂಪನಿಯ ಮುಂದಿನ ಸರ್ವೀಸ್ ತಾರೀಖನ್ನು ಮುಂದೂಡಬೇಡಿ, ವಾರಂಟಿಯವರು ನೋಡುವುದು ಆ ಕೋಷ್ಟಕವನ್ನೇ.