ಗ್ರೀಸ್‌ನಲ್ಲಿ ಹಳೆಯ ಕ್ಯಾಂಪರ್ ವ್ಯಾನ್ ಬಾಡಿಗೆಗೆ ಪಡೆಯುವವರು ಮೊದಲು ಬ್ರೇಕ್ ಆಯಿಲ್ ನೋಡಿ

ಗ್ರೀಸನ್ನು ನಿಧಾನವಾಗಿ ಸುತ್ತಬೇಕೆಂದು ಹಳೆಯ ಕ್ಯಾಂಪರ್ ವ್ಯಾನ್ ಹುಡುಕುತ್ತಿರುವವರು, ಅದರಲ್ಲೂ ಆಗಸ್ಟ್‌ನಲ್ಲಿ ಹೊರಡುವವರು, ಮುಂಗಡ ಕಟ್ಟುವ ಮೊದಲು ಇದನ್ನು ಓದಿ. ನಮಗೆ ವ್ಯಾನ್ ಕೊಟ್ಟ ಅಥೆನ್ಸ್‌ನ ಏಜೆನ್ಸಿಯ ಹೆಸರು ಬರೆಯುವುದಿಲ್ಲ. ಅಂಥವರು ಅದೊಬ್ಬರೇ ಇರಲಾರರು.

ವ್ಯಾನ್‌ಗೆ ಹೊಸ ಬಣ್ಣ ಬಳಿದಿದ್ದರು. ಒಳಗೆ ಮಡಚುವ ಹಾಸಿಗೆ, ಪುಟ್ಟ ಗ್ಯಾಸ್ ಒಲೆ. ಒಲೆ ಹಚ್ಚುವ ಬಗೆಯನ್ನು ಬಿಡಿಸಿ ಬಿಡಿಸಿ ಹೇಳಿಕೊಟ್ಟ ಹುಡುಗ, ಸ್ಟೆಪ್ನಿ ಎಲ್ಲಿದೆ ಎಂದು ಕೇಳಿದಾಗ ಮಾತು ತೇಲಿಸಿದ. ರಾತ್ರಿ ಯಾವ ಕಡಲತೀರದಲ್ಲಾದರೂ ನಿಲ್ಲಿಸಿ ಮಲಗಬಹುದು ಎಂದೂ ಹೇಳಿದ. ಅದು ಶುದ್ಧ ಸುಳ್ಳು. ಗ್ರೀಸ್‌ನಲ್ಲಿ ಹಾಗೆ ಬೀಡುಬಿಡುವುದು ಕಾನೂನುಬಾಹಿರ, ದಂಡ ಬೀಳುತ್ತದೆ.

ಕೊರಿಂತ್, ನಾಫ್ಲಿಯೊ, ಸ್ಪಾರ್ಟಾ ಎಂದು ಆರಾಮವಾಗಿ ಸಾಗಿದೆವು. ಸ್ಪಾರ್ಟಾದಿಂದ ಕಲಮಾಟಾಗೆ ಟೈಗೆಟೋಸ್ ಪರ್ವತವನ್ನು ದಾಟುವ ರಸ್ತೆ ಸುಮಾರು 60 ಕಿಲೋಮೀಟರ್. ಲಂಗಾಡಾ ಕಮರಿಯಲ್ಲಿ ಬಂಡೆ ಕಡಿದು ಮಾಡಿದ ದಾರಿ ಅದು. ಕೆಲವೆಡೆ ಕಲ್ಲು ರಸ್ತೆಯ ಮೇಲಕ್ಕೇ ಚಾಚಿಕೊಂಡಿದೆ. ವಾಹನ ಓಡಿಸುತ್ತಿದ್ದವರು ಭಾವ. ಚಾರ್ಮಾಡಿ, ಆಗುಂಬೆಯಲ್ಲಿ ಕೈ ಪಳಗಿದವರು, ಎರಡನೇ ಗೇರ್ ಬಿಟ್ಟು ಮೇಲೆ ಹೋಗಲಿಲ್ಲ. ಆದರೂ ಆರ್ತೆಮಿಸಿಯಾ ಹಳ್ಳಿಯ ಕಡೆಗೆ ಇಳಿಯುವಾಗ ಪೆಡಲ್ ಮೆತ್ತಗಾಗುತ್ತಾ ಬಂದು, ಒಂದು ತಿರುವಿನಲ್ಲಿ ಪೂರ್ತಿ ತಳಕ್ಕೆ ಕೂತಿತು.

"ಬ್ರೇಕ್ ಹಿಡಿಯುತ್ತಿಲ್ಲ, ಎಲ್ಲರೂ ಗಟ್ಟಿಯಾಗಿ ಹಿಡಿದುಕೊಳ್ಳಿ" ಎಂದರು. ಮೊದಲ ಗೇರ್‌ಗೆ ಇಳಿಸಿ, ಹ್ಯಾಂಡ್‌ಬ್ರೇಕ್ ಎಳೆದು, ಬಲಬದಿಯ ಬಂಡೆಗೆ ವ್ಯಾನ್‌ನ ಮೈ ಉಜ್ಜಿಸಿಯೇ ನಿಲ್ಲಿಸಬೇಕಾಯಿತು.

ಏಜೆನ್ಸಿಯ ತುರ್ತು ಸಂಖ್ಯೆಗೆ ಯಾರೂ ಉತ್ತರಿಸಲಿಲ್ಲ. 112ಕ್ಕೆ ಕರೆ ಮಾಡಿದ್ದರಿಂದ ಪೊಲೀಸರು ಬಂದರು. ಮರುದಿನ ಆಗಸ್ಟ್ 15, ಮೇರಿ ಮಾತೆಯ ಹಬ್ಬ. ಆ ದಿನ ಅಲ್ಲಿ ಸಾರ್ವತ್ರಿಕ ರಜೆ, ಆಸುಪಾಸಿನ ದಿನಗಳಲ್ಲೂ ಎಷ್ಟೋ ಗ್ಯಾರೇಜುಗಳ ಬಾಗಿಲು ತೆರೆಯುವುದಿಲ್ಲ. ಹಬ್ಬ ಮುಗಿದ ಮೇಲೆ ಕಲಮಾಟಾದ ಮೆಕ್ಯಾನಿಕ್ ಒಬ್ಬರು ಬ್ರೇಕ್ ಆಯಿಲ್ ಡಬ್ಬಿಯ ಮುಚ್ಚಳ ತೆರೆದು, ಬೆರಳಿನಲ್ಲಿ ಅದ್ದಿ ತೋರಿಸಿದರು. ಡಿಕಾಕ್ಷನ್‌ನಂತೆ ಕಪ್ಪಾಗಿತ್ತು.

ಬ್ರೇಕ್ ಆಯಿಲ್ ಗಾಳಿಯಲ್ಲಿನ ತೇವವನ್ನು ಹೀರಿಕೊಳ್ಳುತ್ತದೆ. ಡಾಟ್ 4 ದರ್ಜೆಯ ಹೊಸ ಆಯಿಲ್ 230 ಡಿಗ್ರಿ ಸೆಲ್ಸಿಯಸ್‌ವರೆಗೂ ಕುದಿಯಬಾರದೆಂಬುದು ನಿಯಮ. ತೇವ ಸೇರಿದ ಮೇಲೆ ಆ ಮಿತಿ 155ಕ್ಕೆ ಇಳಿಯುತ್ತದೆ. ಉದ್ದನೆಯ ಇಳಿಜಾರಿನಲ್ಲಿ ಬ್ರೇಕ್ ಕಾದಾಗ ಹಳೆಯ ಆಯಿಲ್ ಕುದಿದು ಆವಿಯ ಗುಳ್ಳೆಗಳಾಗುತ್ತವೆ. ನೀವು ತುಳಿದ ಬಲವೆಲ್ಲ ಆ ಗುಳ್ಳೆಗಳನ್ನು ಅದುಮುವುದರಲ್ಲೇ ಮುಗಿಯುತ್ತದೆ, ಚಕ್ರಕ್ಕೆ ತಲುಪುವುದೇ ಇಲ್ಲ. ತಣಿದ ಮೇಲೆ ಗುಳ್ಳೆ ಕರಗಿ ಪೆಡಲ್ ಮತ್ತೆ ಗಟ್ಟಿಯಾಗುತ್ತದೆ.

ಏಜೆನ್ಸಿಯವರು ಜೋತುಬಿದ್ದದ್ದು ಇದಕ್ಕೇ. ವ್ಯಾನ್ ಅಥೆನ್ಸ್ ತಲುಪಿದಾಗ ಪೆಡಲ್ ತುಳಿದು, "ಬ್ರೇಕ್ ಸರಿಯಾಗಿಯೇ ಇದೆ, ನಿಮಗೆ ಓಡಿಸಲು ಬರುವುದಿಲ್ಲ" ಎಂದರು. ಬಂಡೆಗೆ ಉಜ್ಜಿದ ಮೈಯ ರಿಪೇರಿ ಎಂದು ಕ್ರೆಡಿಟ್ ಕಾರ್ಡ್‌ನಲ್ಲಿ ತಡೆಹಿಡಿದಿದ್ದ ಠೇವಣಿಯನ್ನು ಪೂರ್ತಿ ನುಂಗಿದರು. ಭಾವನ ಬಳಿ ಮೈಸೂರಿನ ಆರ್‌ಟಿಒ ಕೊಟ್ಟ ಅಂತರರಾಷ್ಟ್ರೀಯ ಚಾಲನಾ ಪರವಾನಗಿ ಇತ್ತು. ಇಲ್ಲದಿದ್ದರೆ ಆ ನೆಪವನ್ನೂ ಸೇರಿಸುತ್ತಿದ್ದರು.

ಆದ್ದರಿಂದ ಅಂಗಳದಲ್ಲೇ ಬಾನೆಟ್ ಎತ್ತಿಸಿ. ಆಯಿಲ್ ತಿಳಿಹಳದಿಯಾಗಿ ಕಾಣಬೇಕು. ಅದನ್ನು ಕೊನೆಯ ಸಲ ಬದಲಿಸಿದ ರಶೀದಿ ಕೇಳಿ, ಎರಡು ವರ್ಷ ದಾಟಿದ್ದರೆ ಅಂಥ ವ್ಯಾನ್ ಬೇಡ. ಅಲ್ಲಿನ ವಾಹನ ತಪಾಸಣಾ ಪತ್ರ ಚಾಲ್ತಿಯಲ್ಲಿದ್ದರೂ ಇದನ್ನು ಬಿಡಬೇಡಿ. ಒಪ್ಪಂದದಲ್ಲಿ ಟೈರು, ಗಾಜು, ವಾಹನದ ತಳಭಾಗ, ಮಣ್ಣಿನ ರಸ್ತೆ ಇವುಗಳಿಗೆ ವಿಮೆ ಇದೆಯೇ ಎಂದು ಓದಿ, ಬಹುತೇಕ ಇರುವುದಿಲ್ಲ. ದಾರಿಯಲ್ಲಿ ಏನೇ ಕೆಟ್ಟರೂ ರಿಪೇರಿ ಮಾಡಿದವರಿಂದ ಕಾರಣವನ್ನು ಬಿಲ್ಲಿನಲ್ಲೇ ಬರೆಸಿಕೊಳ್ಳಿ. ನಮ್ಮ ಮೆಕ್ಯಾನಿಕ್ ಗ್ರೀಕ್‌ನಲ್ಲಿ ಬರೆದುಕೊಟ್ಟ ಎರಡು ಸಾಲಿನ ಆಧಾರದ ಮೇಲೆಯೇ ಬ್ಯಾಂಕು ನಮ್ಮ ದೂರನ್ನು ತೆಗೆದುಕೊಂಡಿದೆ. ಹಣ ಇನ್ನೂ ಬಂದಿಲ್ಲ.