ಜಾಮ್ ಕೆಮಿಸ್ಟ್ರಿ ಆನ್‌ಲೈನ್ ಕೋರ್ಸ್: ತೀರ್ಥಹಳ್ಳಿ ಕಡೆ ಕೂತು ಬಳಸಿದ ಮೇಲೆ

ಐಐಟಿ ಮುಂತಾದ ಕಡೆ ಎಂಎಸ್‌ಸಿಗೆ ಸೇರಲು ಬರೆಯುವ ಜಾಮ್ ಪರೀಕ್ಷೆಗೆ, ರೆಕಾರ್ಡ್ ಮಾಡಿದ ಕ್ಲಾಸು, ಟೆಸ್ಟ್ ಸೀರೀಸ್ ಎರಡೂ ಸೇರಿದ ಕೋರ್ಸ್ ಇದು. ಬಿಎಸ್‌ಸಿ ಕೊನೆಯ ವರ್ಷದ ಶುರುವಿನಲ್ಲಿ ತಗೊಂಡು ಫೆಬ್ರವರಿಯ ಪರೀಕ್ಷೆವರೆಗೂ ಬಳಸಿದೆ. ಟೆಸ್ಟ್‌ಗಳಲ್ಲಿ ದುಡ್ಡಿಗೆ ಮೋಸವಿಲ್ಲ. ಕ್ಲಾಸುಗಳು ಅರ್ಧಂಬರ್ಧ.

ನಮ್ಮ ಕಡೆಯವರು ಮೊದಲು ವಿಚಾರಿಸಬೇಕಾದ್ದು ಡೌನ್‌ಲೋಡ್ ಬಗ್ಗೆ. ಆಷಾಢದ ಗಾಳಿಗೆ ಲೈನ್ ಮೇಲೆ ಮರ ಬಿದ್ದರೆ ಕರೆಂಟ್ ಬರುವುದು ಯಾವಾಗಲೋ, ಅದರ ಹಿಂದೆಯೇ ನೆಟ್‌ವರ್ಕೂ ಹೋಗುತ್ತದೆ. ಪೇಟೆಗೆ ಬಂದಾಗ ಪಾಠ ಇಳಿಸಿಕೊಂಡು ಹೋಗುತ್ತಿದ್ದೆ. ಆದರೆ ವಾರ ಕಳೆದರೆ ಆಪ್ ತಾನೇ ಎಲ್ಲ ಅಳಿಸಿಬಿಡುತ್ತದೆ. ದುಡ್ಡು ಕೊಟ್ಟವರ ಮೇಲೂ ಇಷ್ಟು ಅನುಮಾನ!

ಫಿಸಿಕಲ್ ಕೆಮಿಸ್ಟ್ರಿ ಚೆನ್ನಾಗಿ ಹೇಳಿಕೊಡುತ್ತಾರೆ. ಇನಾರ್ಗ್ಯಾನಿಕ್ ಸುಮ್ನೆ ಸ್ಲೈಡ್ ಓದಿದ ಹಾಗೆ. ಸಿಲಬಸ್‌ನಲ್ಲಿ ಇಂಟಿಗ್ರೇಷನ್, ಮ್ಯಾಟ್ರಿಕ್ಸ್, ಡಿಫರೆನ್ಷಿಯಲ್ ಈಕ್ವೇಷನ್ ಇವೆ. ಇಲ್ಲಿ 'ಪಿಯುಸಿಯಲ್ಲಿ ಓದಿದ್ದೀರಲ್ವಾ' ಅಂತ ಮುಂದೆ ಹೋಗುತ್ತಾರೆ. ನನ್ನಂತೆ ಸಿಬಿಝಡ್ (ಕೆಮಿಸ್ಟ್ರಿ, ಬಾಟನಿ, ಝುವಾಲಜಿ) ಓದಿ ಗಣಿತ ಬಿಟ್ಟವರ ಕಥೆ ಏನು? ಕೊನೆಗೆ ತಂಗಿಯ ಪಿಯುಸಿ ಪುಸ್ತಕವೇ ಗತಿಯಾಯಿತು.

ಟೆಸ್ಟ್‌ಗಳು ಅಸಲಿ ಮಾದರಿಯಲ್ಲೇ ಇವೆ: 3 ಗಂಟೆ, 60 ಪ್ರಶ್ನೆ, 100 ಅಂಕ. ಒಂದೇ ಸರಿ ಉತ್ತರ ಇರುವ ಪ್ರಶ್ನೆಗಳಿಗೆ ಮಾತ್ರ ನೆಗೆಟಿವ್ ಇದೆ. ಒಂದು ಅಂಕದ್ದು ತಪ್ಪಾದರೆ 1/3, ಎರಡು ಅಂಕದ್ದಾದರೆ 2/3 ಹೋಗುತ್ತದೆ. ಸಂಖ್ಯೆ ಟೈಪ್ ಮಾಡುವ 20 ಪ್ರಶ್ನೆಗೆ ನೆಗೆಟಿವ್ ಇಲ್ಲ, ಖಾಲಿ ಬಿಡಬೇಡಿ. ಇದು ಗೊತ್ತಿದ್ದರೂ ಮೈಗೆ ಹತ್ತಿದ್ದು ಟೆಸ್ಟ್ ಬರೆದೂ ಬರೆದೂ.

ಒಂದು ದೊಡ್ಡ ತಕರಾರಿದೆ. ಡೇನಿಯಲ್ ಸೆಲ್ (ಜಿಂಕ್-ತಾಮ್ರದ ಬ್ಯಾಟರಿ) ವೋಲ್ಟೇಜ್ ಕಂಡುಹಿಡಿಯುವ ಲೆಕ್ಕ, ಜಿಂಕ್ ಅಯಾನು 1 ಮೋಲಾರ್, ತಾಮ್ರದ್ದು 0.001, ಇ-ನಾಟ್ (ಸ್ಟ್ಯಾಂಡರ್ಡ್ ವೋಲ್ಟೇಜ್) 1.10 ವೋಲ್ಟ್. ಇದಕ್ಕೆ ಬಳಸುವ ನರ್ನ್‌ಸ್ಟ್ ಸಮೀಕರಣದಲ್ಲಿ ಸ್ಥಿರಾಂಕ 0.0591 ಹಾಕಿದರೆ ಉತ್ತರ 1.011, 0.059 ಹಾಕಿದರೆ 1.012. ಕೋರ್ಸಿನವರು ಮೊದಲನೆಯದನ್ನು ಮಾತ್ರ ಸರಿ ಅಂತಾರೆ. ಜಾಮ್‌ನವರ ಉತ್ತರದ ಕೀಯಲ್ಲಾದರೆ ಇಷ್ಟರಿಂದ ಇಷ್ಟರೊಳಗೆ ಬಂದರೆ ಸರಿ ಅಂತ ಕೊಟ್ಟಿರುತ್ತಾರೆ. ಮೇಲ್ ಮಾಡಿದರೆ 'ಪರಿಶೀಲಿಸುತ್ತೇವೆ' ಅಂದರು, ಆಮೇಲೆ ಸುದ್ದಿಯೇ ಇಲ್ಲ.

ಟೆಸ್ಟನ್ನು ಮೊಬೈಲಲ್ಲಿ ಬರೆಯಬೇಡಿ. ಪರೀಕ್ಷೆಯಲ್ಲಿ ಕ್ಯಾಲ್ಕ್ಯುಲೇಟರ್ ಇರುವುದು ಪರದೆ ಮೇಲೆ, ಒಂದೊಂದು ಅಂಕಿಯನ್ನೂ ಮೌಸಿನಲ್ಲಿ ಒತ್ತಬೇಕು. ಲಾಗ್ ಬಟನ್ ಹುಡುಕುವಷ್ಟರಲ್ಲೇ ಹೊತ್ತು ಹೋಗುತ್ತದೆ. ಸೈಬರ್ ಸೆಂಟರಿನಲ್ಲಾದರೂ ಕೂತು ಬರೆಯಿರಿ.

ಹೊಸದಾಗಿ ಸೇರುವವರು ಟೆಸ್ಟ್ ಸೀರೀಸ್ ಒಂದನ್ನೇ ತಗೊಳ್ಳಿ, ಅದು ಬೇರೆಯಾಗಿಯೂ ಸಿಗುತ್ತದೆ. ಅದಕ್ಕೂ ಮೊದಲು ಜಾಮ್ ವೆಬ್‌ಸೈಟಿನಲ್ಲಿ ಪುಕ್ಕಟೆ ಸಿಗುವ ಹಳೇ ಪ್ರಶ್ನೆಪತ್ರಿಕೆಗಳನ್ನು ಮುಗಿಸಿ. ಐದರಲ್ಲಿ ಮೂರು ಸ್ಟಾರ್, ಅದೂ ಟೆಸ್ಟ್‌ಗಳಿಗೆ.