"ವೈರಸ್ ಸ್ಕ್ಯಾನ್ ಆಗಿದೆ" ಅಂತ ಬರೆದಿದ್ದ ಮೇಲ್ ನಮ್ಮ ಅಂಗಡಿಯ ಮಾನ ಕಳೆಯಿತು

ಮೇಲ್‌ನಲ್ಲಿ ಜಿಪ್ ಫೈಲ್ ಬಂದು, ಅದರ ಪಾಸ್‌ವರ್ಡ್ ಕೂಡ ಅದೇ ಮೇಲ್‌ನಲ್ಲಿ ಬರೆದಿದ್ದರೆ ದಯವಿಟ್ಟು ಬಿಚ್ಚಬೇಡಿ. ಗುರುತಿನವರು ಕಳಿಸಿದ್ದರೂ ಬಿಚ್ಚಬೇಡಿ. ನಮಗೆ ಬಂದಿದ್ದೇ ಗುರುತಿನವರಿಂದ.

ಹುಬ್ಬಳ್ಳಿಯಲ್ಲಿ ನಮ್ಮದು ಚಿಕ್ಕ ಪ್ರಿಂಟಿಂಗ್ ಪ್ರೆಸ್. ಪೇಪರ್ ಬೆಂಗಳೂರಿನಿಂದ ಬರುತ್ತದೆ. ಬಿಲ್ಲು, ಲೆಡ್ಜರ್ ಎಲ್ಲಾ ಮೇಲ್‌ನಲ್ಲೇ, ಅದೂ ಪಾಸ್‌ವರ್ಡ್ ಹಾಕಿದ ಜಿಪ್‌ನಲ್ಲಿ. ಬ್ಯಾಂಕಿನವರೂ ಸ್ಟೇಟ್‌ಮೆಂಟ್‌ಗೆ ಪಾಸ್‌ವರ್ಡ್ ಹಾಕಿಯೇ ಕಳಿಸ್ತಾರೆ ಅಲ್ವಾ, ಯಾರಿಗೆ ಅನುಮಾನ ಬರುತ್ತೆ? ಈ ಸಲದ್ದು ನಾನು ಬಾಕಿ ಲೆಕ್ಕ ಕೇಳಿದ್ದ ಮೇಲ್‌ಗೇ ಉತ್ತರವಾಗಿ ಬಂತು. ಕೆಳಗೆ ನಾನೇ ಬರೆದ ಸಾಲುಗಳಿದ್ದವು. ಕೊನೆಯಲ್ಲಿ ಹಸಿರು ಅಕ್ಷರದಲ್ಲಿ "ಈ ಮೇಲ್ ಅನ್ನು ವೈರಸ್ ಸ್ಕ್ಯಾನ್ ಮಾಡಲಾಗಿದೆ" ಅಂತ ಬೇರೆ. ಇನ್ನೇನು ಬೇಕು ಹೇಳಿ?

ಒಳಗೆ ಪಿಡಿಎಫ್. ಅಂದರೆ ಪಿಡಿಎಫ್ ಐಕಾನ್, ಹೆಸರಿನ ಕೊನೆಗೂ ಡಾಟ್ ಪಿಡಿಎಫ್. ಎರಡು ಸಲ ಒತ್ತಿದರೆ ಏನೂ ತೆರೆಯಲಿಲ್ಲ. ಫೈಲ್ ಕೆಟ್ಟಿರಬೇಕು, ಇನ್ನೊಮ್ಮೆ ಕಳಿಸಿ ಅಂತ ಉತ್ತರ ಬರೆದೆ. ಕಳ್ಳನಿಗೇ ಬರೆದೆ! ಅವನು ಮರ್ಯಾದೆಯಿಂದ "ಖಂಡಿತ ಸರ್" ಅಂತ ಉತ್ತರ ಕೊಟ್ಟ. ಅದನ್ನು ನೆನೆಸಿಕೊಂಡರೆ ಈಗಲೂ ಮೈ ಉರಿಯುತ್ತದೆ.

ಮರುದಿನ ಬೆಳಿಗ್ಗೆಯಿಂದ ಫೋನೋ ಫೋನು. ನಮ್ಮ ಹಳೇ ಪಾರ್ಟಿಯೊಬ್ಬರು, "ಏನ್ರೀ, ನೀವು ಕಳಿಸಿದ ಬಿಲ್ ತಗದ ಮ್ಯಾಲೆ ನಮ್ಮ ಕಂಪ್ಯೂಟರ್ ಹುಚ್ಚು ಹಿಡದಂಗ ಮಾಡಾಕತ್ತೈತಿ" ಅಂದರು. ನಮ್ಮ ಮೇಲ್‌ನಿಂದ, ನಮ್ಮ ಹೆಸರಲ್ಲಿ, ಎಲ್ಲರಿಗೂ ಜಿಪ್ ಹೋಗಿದೆ. ಲಗ್ನಪತ್ರಿಕೆಗೆ ಆರ್ಡರ್ ಕೊಟ್ಟವರಿಗೂ ಹೋಗಿದೆ. ಒಬ್ಬರಂತೂ ಅದರ ಹಿಂದೆಯೇ ಬಂದ ಬೇರೆ ಖಾತೆ ನಂಬರಿಗೆ ಅಡ್ವಾನ್ಸ್ ಹಾಕಿಬಿಟ್ಟಿದ್ದರು. ಅವರ ಮುಂದೆ ನಿಂತು ಮಾತಾಡೋದು ಹೇಗೆ?

ರಿಪೇರಿ ಹುಡುಗ ಬಂದು ತೋರಿಸಿದಾಗ ಗೊತ್ತಾಯಿತು. ಫೈಲಿನ ಪೂರ್ತಿ ಹೆಸರು ಡಾಟ್ ಪಿಡಿಎಫ್ ಡಾಟ್ ಇಎಕ್ಸ್‌ಇ. ಕೊನೆಗೆ ಇಎಕ್ಸ್‌ಇ ಇದ್ದರೆ ಅದು ಓದುವ ಕಾಗದವಲ್ಲ, ಒತ್ತಿದ ಕೂಡಲೇ ಓಡುವ ಪ್ರೋಗ್ರಾಂ. ವಿಂಡೋಸ್ ಕೊನೆಯ ತುಂಡನ್ನು ತಾನಾಗಿ ಮುಚ್ಚಿಡುತ್ತದೆ. ಐಕಾನ್ ಯಾವುದು ಬೇಕಾದರೂ ಹಾಕಬಹುದಂತೆ. 2000ದ ಮೇ ತಿಂಗಳಲ್ಲಿ ಫಿಲಿಪ್ಪೀನ್ಸ್‌ನಿಂದ ಹೊರಟ 'ಐ ಲವ್ ಯೂ' ವೈರಸ್ ಇದೇ ಆಟ ಆಡಿತ್ತು. ಪ್ರೇಮಪತ್ರ ಡಾಟ್ ಟಿಎಕ್ಸ್‌ಟಿ ಅಂತ ಕಾಣುತ್ತಿತ್ತು, ಹಿಂದೆ ಡಾಟ್ ವಿಬಿಎಸ್, ಅದೂ ಒತ್ತಿದರೆ ಓಡುವಂಥದ್ದೇ. ಇಷ್ಟು ವರ್ಷವಾದರೂ ಅದೇ ಮುಚ್ಚಾಟ!

ಮೇಲ್ ಸೇವೆ ಕೊಡುವವರಿಗೆ ಫೋನ್ ಮಾಡಿದೆ. ದುಡ್ಡು ಕಟ್ಟಿದ್ದೀವಿ, ಸ್ಕ್ಯಾನ್ ಮಾಡಲಿಲ್ವಾ?

"ಪಾಸ್‌ವರ್ಡ್ ಇದ್ದರೆ ನಮ್ಮ ಸ್ಕ್ಯಾನರ್‌ಗೆ ಒಳಗೆ ನೋಡೋಕೆ ಆಗಲ್ಲ ಸರ್."

"ಹಾಗಾದರೆ ಸ್ಕ್ಯಾನ್ ಆಗಿದೆ ಅಂತ ಯಾಕೆ ಬರೆದಿದ್ದೀರಿ?"

"ಅದು ನಮ್ಮದಲ್ಲ ಸರ್. ಕಳಿಸಿದವರ ಕಡೆಯದು. ಯಾರು ಬೇಕಾದರೂ ಟೈಪ್ ಮಾಡಬಹುದು."

ಯಾರು ಬೇಕಾದರೂ! ಬೀಗ ಹಾಕಿ ಕೀಲಿಕೈ ಅದಕ್ಕೇ ನೇತುಹಾಕಿದ ಪೆಟ್ಟಿಗೆಯಂತೆ ಬಂದ ಮೇಲು. ಬೀಗ ತಡೆದದ್ದು ಸ್ಕ್ಯಾನರನ್ನು ಮಾತ್ರ.

ಪೇಪರ್ ಕಂಪನಿಯವರದು ಇನ್ನೂ ಚೆಂದ. "ನಮ್ಮಿಂದ ಆ ಮೇಲ್ ಹೋಗಿಲ್ಲ ಸರ್, ನಮ್ಮ ಸಿಸ್ಟಮ್ ಸರಿ ಇದೆ." ನಾನು ನಿಮಗೆ ಬರೆದ ಸಾಲುಗಳು ಕಳ್ಳನಿಗೆ ಎಲ್ಲಿಂದ ಸಿಕ್ಕವು ಅಂತ ಕೇಳಿದೆ. "ಚೆಕ್ ಮಾಡಿ ಹೇಳ್ತೀವಿ ಸರ್." ಇವತ್ತಿನವರೆಗೂ ಚೆಕ್ ಮಾಡ್ತಾನೇ ಇದ್ದಾರೆ.

ವಿಂಡೋಸ್ 11 ಆದರೆ ಫೈಲ್ ಎಕ್ಸ್‌ಪ್ಲೋರರ್‌ನಲ್ಲಿ ವ್ಯೂ, ಶೋ, ಅಲ್ಲಿ 'ಫೈಲ್ ನೇಮ್ ಎಕ್ಸ್‌ಟೆನ್ಶನ್ಸ್' ಈಗಲೇ ಆನ್ ಮಾಡಿ, ಮುಚ್ಚಿಟ್ಟ ಆ ಕೊನೆಯ ತುಂಡು ಕಾಣುತ್ತದೆ. ಎಡವಟ್ಟಾದರೆ ಆ ಕಂಪ್ಯೂಟರ್‌ನಲ್ಲಿ ಪಾಸ್‌ವರ್ಡ್ ಬದಲಿಸಬೇಡಿ, ಬೇರೆ ಫೋನಿನಲ್ಲಿ ಮಾಡಿ. ಬ್ರೌಸರ್‌ನಲ್ಲಿ ಸೇವ್ ಮಾಡಿಟ್ಟ ಎಲ್ಲಾ ಪಾಸ್‌ವರ್ಡ್ ಹೋಯಿತು ಅಂದುಕೊಳ್ಳಿ. ಮೇಲ್ ಸೆಟ್ಟಿಂಗ್ಸ್‌ನಲ್ಲಿ ಫಾರ್ವರ್ಡಿಂಗ್ ನೋಡಿ, ಇದನ್ನು ನಮಗೆ ಯಾರೂ ಹೇಳಲಿಲ್ಲ. ಪಾಸ್‌ವರ್ಡ್ ಬದಲಿಸಿದ ಮೇಲೂ ನಮಗೆ ಬರುವ ಮೇಲ್ ಎಲ್ಲಾ ಸುಮ್ನೆ ಯಾವುದೋ ವಿಳಾಸಕ್ಕೆ ಹೋಗುತ್ತಿತ್ತು. ದುಡ್ಡು ಹೋಗಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ.

ಇನ್ಮೇಲೆ ಬಿಲ್ ಜಿಪ್ ಮಾಡಬೇಡಿ, ಸಾದಾ ಪಿಡಿಎಫ್ ಕಳಿಸಿ ಅಂತ ಪೇಪರ್‌ನವರಿಗೆ ಹೇಳಿದೆ. "ಹೆಡ್ ಆಫೀಸ್ ರೂಲ್ ಸರ್, ಸೇಫ್ಟಿಗೆ" ಅಂದರು. ಪೇಪರ್ ಈಗ ಬೇರೆಯವರ ಹತ್ತಿರ ತರಿಸುತ್ತಿದ್ದೇನೆ.